ನಿಮಗಿದು ಗೊತ್ತೆ? ಕೆಮ್ಮಿದರೆ ಮೂತ್ರ ಜಿನುಗುವುದಕ್ಕೂ ಫಿಸಿಯೋಥೆರಪಿ ಇದೆ

ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಹೊತ್ತಿರುವ ಸ್ನಾಯುಗಳೇ ಪೆಲ್ವಿಕ್ ಫ್ಲೋರ್. ಜಿನುಗುವಿಕೆ ತಡೆಯಲು ಇವುಗಳ ವ್ಯಾಯಾಮವನ್ನು 1948ರಲ್ಲಿ ಪ್ರಚಾರಕ್ಕೆ ತಂದವರು ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್.

ಫಿಸಿಯೋಥೆರಪಿಸ್ಟ್ ಜೊತೆಗಿನ ಮೊದಲ ಭೇಟಿಯ ಬಹುಪಾಲು ಪ್ರಶ್ನೆಗಳಲ್ಲೇ ಕಳೆಯುತ್ತದೆ: ಹೆರಿಗೆ ಹೇಗಾಯಿತು, ದಿನಕ್ಕೆಷ್ಟು ನೀರು ಕುಡಿಯುತ್ತೀರಿ, ಮಲಬದ್ಧತೆ ಇದೆಯೇ? ನಾಚಿಕೊಂಡು ಏನನ್ನೂ ಮುಚ್ಚಿಡಬೇಡಿ. ಸ್ನಾಯುವಿನ ಬಲ ತಿಳಿಯಲು ಕೈಗವಸು ತೊಟ್ಟ ಬೆರಳಿನಿಂದ ಒಳಪರೀಕ್ಷೆ ಮಾಡಬಹುದು. ಅದಕ್ಕೆ ನಿಮ್ಮ ಒಪ್ಪಿಗೆ ಬೇಕೇ ಬೇಕು. ಬೇಡವೆಂದರೂ ಚಿಕಿತ್ಸೆ ಮುಂದುವರಿಯುತ್ತದೆ.

ಕೆಲವರಲ್ಲಿ ಈ ಸ್ನಾಯುಗಳು ವಿಪರೀತ ಬಿಗಿಯಾಗಿರುತ್ತವೆ. ಅಂಥವರು ತಾವಾಗಿಯೇ ಕೆಗೆಲ್ ವ್ಯಾಯಾಮ ಮಾಡತೊಡಗಿದರೆ ನೋವು ಹೆಚ್ಚಬಹುದು. ಅವರಿಗೆ ಉಸಿರಾಟದ ಜೊತೆಗೆ ಸಡಿಲಿಸುವುದನ್ನೇ ಮೊದಲು ಕಲಿಸುತ್ತಾರೆ. ಜಿನುಗುವಿಕೆಗಾದರೆ ಕನಿಷ್ಠ 3 ತಿಂಗಳು ಬಿಡದೆ ವ್ಯಾಯಾಮ ಮಾಡಬೇಕು. ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯಾದ ಗಂಡಸರಿಗೂ ಇದನ್ನು ಹೇಳಿಕೊಡುತ್ತಾರೆ.