ಜೀರ್ಣೋದ್ಧಾರಗೊಂಡ ರಥ: ಅದೇ ಹೌದೆ, ಬೇರೆಯೆ?

ಜೀರ್ಣೋದ್ಧಾರವೆಂಬುದು ನಮ್ಮ ಜನಕ್ಕೆ ಹೊಸ ಮಾತಲ್ಲ. ದೇವಾಲಯದ ಗೋಪುರ ಬಿರಿದರೆ ಮತ್ತೆ ಕಟ್ಟಿಸುತ್ತೇವೆ. ತೇರಿನ ಗಾಲಿ ಮುರಿದರೆ ಹೊಸ ಗಾಲಿಯನ್ನು ಹೂಡುತ್ತೇವೆ. ಹಿರಿಯರು ಕಟ್ಟಿಸಿದ ಮನೆಯ ತೊಲೆಗೆ ಗೆದ್ದಲು ಹಿಡಿದರೆ ಬೇರೆ ತೊಲೆಯನ್ನು ಏರಿಸುತ್ತೇವೆ. ಆದರೂ ಅದು ಅದೇ ದೇವಾಲಯ, ಅದೇ ತೇರು, ಅಜ್ಜನ ಅದೇ ಮನೆ. ಇದರಲ್ಲಿ ಯಾರಿಗೂ ಸಂಶಯ ಹುಟ್ಟುವುದಿಲ್ಲ. ಅಂತಹ ವಸ್ತುವನ್ನು ವಿಕ್ರಯಕ್ಕಿಟ್ಟಾಗಲಾದರೋ, "ಇದು ನಿಜವಾಗಿಯೂ ಅದೇ ಹೌದೆ?" ಎಂಬ ಪ್ರಶ್ನೆ ತಲೆಯೆತ್ತುತ್ತದೆ. ಈ ಪ್ರಶ್ನೆಯು ಇಂಗ್ಲೆಂಡಿನಲ್ಲಿ ಒಂದು ಹಳೆಯ ಪಂದ್ಯದ ಮೋಟಾರು ಕಾರಿನ ವಿಷಯವಾಗಿ ಉಚ್ಚ ನ್ಯಾಯಾಲಯದವರೆಗೂ ಹೋಯಿತು. ಆ ವೃತ್ತಾಂತವು ಗೃಹಸ್ಥರಾದ ನಮ್ಮ ವಾಚಕರಿಗೂ ಉಪಯುಕ್ತವೆಂದು ಭಾವಿಸಿ ಇಲ್ಲಿ ನಿರೂಪಿಸುತ್ತೇವೆ.

ಕಾರಿನ ಪೂರ್ವಕಥೆ

ಡಬ್ಲ್ಯೂ. ಓ. ಬೆಂಟ್ಲಿ ಎಂಬಾತನು 1919ರಲ್ಲಿ ತನ್ನ ಹೆಸರಿನಲ್ಲೇ ಒಂದು ಮೋಟಾರು ಸಂಸ್ಥೆಯನ್ನು ಸ್ಥಾಪಿಸಿದನು. ಫ್ರಾನ್ಸು ದೇಶದ ಲ ಮಾನ್ ಎಂಬ ಊರಿನಲ್ಲಿ 1923ರಿಂದ ಇಪ್ಪತ್ತನಾಲ್ಕು ಗಂಟೆಗಳ ಕಾಲ ಹಗಲಿರುಳು ನಡೆಯುವ ಒಂದು ಪಂದ್ಯವು ಆರಂಭವಾಯಿತು. ಅದರಲ್ಲಿ ಬೆಂಟ್ಲಿ ಕಾರುಗಳು 1924ರಲ್ಲಿಯೂ, ಅನಂತರ 1927ರಿಂದ 1930ರವರೆಗೆ ಎಡೆಬಿಡದೆ ನಾಲ್ಕು ವರ್ಷಗಳೂ ಜಯಗಳಿಸಿದುವು. ಇವುಗಳಲ್ಲಿ 1929 ಮತ್ತು 1930ರ ಜಯಗಳನ್ನು ತಂದುದು ಒಂದೇ ಕಾರು. ಆರೂವರೆ ಲೀಟರಿನ 'ಸ್ಪೀಡ್ ಸಿಕ್ಸ್' ಎಂಬ ಮಾದರಿಯ ಆ ಕಾರಿಗೆ ಮುಂದೆ 'ಓಲ್ಡ್ ನಂಬರ್ ಒನ್', ಎಂದರೆ 'ಹಳೆಯ ಒಂದನೆಯ ಸಂಖ್ಯೆಯದು' ಎಂಬ ಹೆಸರು ನಿಂತಿತು. ಎರಡು ವರ್ಷಗಳಲ್ಲಿಯೂ ಅದನ್ನು ನಡೆಸಿದವನು ಸಂಸ್ಥೆಯ ಅಧ್ಯಕ್ಷನೂ ಧನಿಕನೂ ಆದ ವುಲ್ಫ್ ಬರ್ನಾಟೊ. ಮೊದಲ ವರ್ಷ ಬರ್ಕಿನನೂ, ಮರುವರ್ಷ ಕಿಡ್‌ಸ್ಟನನೂ ಅವನ ಜೊತೆಯ ಚಾಲಕರು. 1929ರಲ್ಲಿ ಮೊದಲ ನಾಲ್ಕು ಸ್ಥಾನಗಳೂ ಬೆಂಟ್ಲಿಗಳ ಪಾಲಾದುವು.

ಆದರೆ ಕೀರ್ತಿ ಬಂದಷ್ಟು ಹಣ ಬರಲಿಲ್ಲ. 1931ರಲ್ಲಿ ಸಂಸ್ಥೆಯು ಸಾಲದ ಹೊರೆಯಿಂದ ಕುಸಿದು ರೋಲ್ಸ್-ರಾಯ್ಸ್ ಸಂಸ್ಥೆಯವರ ವಶವಾಯಿತು. ಕಾರು ಮಾತ್ರ ಪಂದ್ಯಗಳಲ್ಲಿ ಓಡುತ್ತಲೇ ಇದ್ದಿತು. 1932ರಲ್ಲಿ ಅದಕ್ಕೆ ಇನ್ನೂ ದೊಡ್ಡದಾದ, ಎಂಟು ಲೀಟರಿನ ಇಂಜಿನನ್ನು ಕೂಡಿಸಿದರು. ಅದೇ ವರ್ಷದ ಸೆಪ್ಟೆಂಬರ್ ತಿಂಗಳಲ್ಲಿ ಬ್ರೂಕ್‌ಲ್ಯಾಂಡ್ಸ್ ಎಂಬಲ್ಲಿಯ ಪಂದ್ಯದಲ್ಲಿ, ಗೋಡೆಯಂತೆ ಓರೆಯಾಗಿ ಎದ್ದಿದ್ದ ಕಾಂಕ್ರೀಟು ದಾರಿಯ ಮೇಲಂಚನ್ನು ದಾಟಿ ಕಾರು ಆಚೆಗೆ ಉರುಳಿತು. ಅದನ್ನು ನಡೆಸುತ್ತಿದ್ದ ಕ್ಲೈವ್ ಡನ್‌ಫೀ ಎಂಬ ತರುಣನು ಅಲ್ಲಿಯೇ ಮೃತನಾದನು. ತರುವಾಯ ಆ ಭಗ್ನಾವಶೇಷವನ್ನು ಮತ್ತೆ ಕಟ್ಟಿ, ಮುಚ್ಚಿದ ಬಾಡಿಯನ್ನು ಕೂಡಿಸಿ, ರಸ್ತೆಯ ಮೇಲೆ ಓಡಾಡುವ ಕಾರನ್ನಾಗಿ ಮಾಡಿದರು. ಹಲವು ದಶಕಗಳ ಮೇಲೆ ಅದು ಪುನಃ ಪಂದ್ಯದ ಕಾರಿನ ರೂಪವನ್ನೇ ತಳೆಯಿತು.

ಭಾಗಗಳು ಏಕೆ ಬದಲಾಗುತ್ತವೆ?

ಇಲ್ಲಿ ಒಂದು ಸಂಗತಿಯನ್ನು ತಿಳಿದಿರಬೇಕು. ಆ ಕಾಲದ ಬೆಂಟ್ಲಿ ಸಂಸ್ಥೆಯವರು ಷಾಸಿ ಎಂಬ ಅಡಿಚೌಕಟ್ಟು, ಇಂಜಿನು, ಗಾಲಿ, ಇಷ್ಟನ್ನು ಮಾತ್ರ ಸಿದ್ಧಪಡಿಸುತ್ತಿದ್ದರು. ಬಾಡಿ ಕಟ್ಟುವ ಕುಶಲಕರ್ಮಿಗಳು ಬೇರೆ. ಅವರು ಮರದ ಚೌಕಟ್ಟನ್ನು ನಿಲ್ಲಿಸಿ, ಅದರ ಮೇಲೆ ತಗಡನ್ನೋ ಬಟ್ಟೆಯನ್ನೋ ಹೊದಿಸುತ್ತಿದ್ದರು. ಅಂಗಿ ಬದಲಾಯಿಸಿದಂತೆ ಬಾಡಿಯನ್ನು ಬದಲಾಯಿಸುವುದು ಒಡೆಯರಿಗೆ ವಾಡಿಕೆಯಾಗಿದ್ದಿತು. ಪಂದ್ಯದ ಕಾರಿನಲ್ಲಂತೂ ಒಂದೊಂದು ಓಟದ ಬಳಿಕವೂ ಸವೆದುದನ್ನು ತೆಗೆದು ಹೊಸದನ್ನು ಇಡುವುದೇ ಕ್ರಮ. ಹೀಗಾಗಿ, 1929ರಲ್ಲಿ ಲ ಮಾನಿನಲ್ಲಿ ಓಡಿದ ಆ ಕಾರಿನ ಅಂಗಗಳಲ್ಲಿ ಅರುವತ್ತು ವರ್ಷಗಳ ತರುವಾಯ ಉಳಿದುದು ಅತ್ಯಲ್ಪ.

ವ್ಯಾಜ್ಯ

1990ರಲ್ಲಿ ಆ ಕಾರಿನ ಒಡೆಯನು ಅದನ್ನು ಒಂದು ಸಂಸ್ಥೆಗೆ ಮಾರಲು ಒಪ್ಪಿದನು. ಬೆಲೆ ಒಂದು ಕೋಟಿ ಪೌಂಡು! ಕರಾರಾದ ಮೇಲೆ ಕೊಳ್ಳುವವರು ಹಿಂಜರಿದು, "ಲ ಮಾನಿನಲ್ಲಿ ಗೆದ್ದ ಕಾರು ಇದಲ್ಲ, ಅದರ ಅಂಗಗಳು ಇದರಲ್ಲಿಲ್ಲ" ಎಂದರು. ಮಾರುವವನು ನ್ಯಾಯಾಲಯದ ಮೆಟ್ಟಿಲೇರಿದನು. ಹಳೆಯ ಚಿತ್ರಗಳು, ದಾಖಲೆಗಳು, ತಜ್ಞರ ಸಾಕ್ಷ್ಯಗಳು ಎಲ್ಲವೂ ನ್ಯಾಯಮೂರ್ತಿ ಆಟನ್ ಅವರ ಮುಂದೆ ಬಂದುವು. ಒಂದೊಂದು ಅಂಗವನ್ನೂ ಕುರಿತು, ಅದು ಯಾವ ವರ್ಷದ್ದೆಂಬ ವಿಚಾರ ನಡೆಯಿತು.

ನಮ್ಮ ಶಾಸ್ತ್ರಕಾರರಿಗೆ ಈ ವ್ಯಾಜ್ಯವು ಅಪರಿಚಿತವೆನಿಸುತ್ತಿರಲಿಲ್ಲ. ಗಾಲಿಯೇ ರಥವೋ, ಅಚ್ಚೇ ರಥವೋ, ನೊಗವೇ ರಥವೋ ಎಂದು ನಾಗಸೇನನು ಯವನರಾಜನಾದ ಮಿಲಿಂದನನ್ನು ಕೇಳಿದ ಪ್ರಸಂಗವು ಬೌದ್ಧ ಗ್ರಂಥದಲ್ಲಿ ಪ್ರಸಿದ್ಧವಾಗಿದೆ. ವೈಶೇಷಿಕರ ಕಟ್ಟುನಿಟ್ಟಿನ ಮತದಂತೆ, ವಸ್ತ್ರದ ಒಂದು ತುಂಡು ಹರಿದುಹೋದರೂ ಹಿಂದಿನ ವಸ್ತ್ರವು ನಾಶವಾಗಿ 'ಖಂಡಪಟ'ವೆಂಬ ಬೇರೊಂದು ವಸ್ತ್ರವು ಹುಟ್ಟುತ್ತದೆ. ಇವರು ನ್ಯಾಯಪೀಠದಲ್ಲಿದ್ದಿದ್ದರೆ ಕೊಳ್ಳುವವರು ಗೆಲ್ಲುತ್ತಿದ್ದರೇನೋ! ಆದರೆ 'ಅವನೇ ಈ ದೇವದತ್ತ' ಎಂಬ ಪ್ರತ್ಯಭಿಜ್ಞೆಯೂ ಶಾಸ್ತ್ರಗಳಲ್ಲಿ ಉಂಟು. ಅಂದು ಬಾಲಕನಾಗಿ ಕಂಡ ದೇವದತ್ತನು ಇಂದು ನರೆತ ಮುದುಕನಾಗಿದ್ದಾನೆ. ದೇಹದಲ್ಲಿ ಅಂದಿನದೇನೂ ಕಾಣದು. ಆದರೂ ಅವನೇ ಇವನು. ಇದಕ್ಕೆ ಪ್ರತಿಯಾಗಿ ದೀಪದ ಜ್ವಾಲೆಯನ್ನೂ, ಬೋಳಿಸಿದ ಮೇಲೆ ಮತ್ತೆ ಬೆಳೆದ ಕೂದಲನ್ನೂ ಉದಾಹರಿಸಿ, ಅಲ್ಲಿ ನಾವು 'ಅದೇ' ಎನ್ನುವುದು ಸಾದೃಶ್ಯದಿಂದಾದ ಭ್ರಮೆಯೆಂದು ಎಚ್ಚರಿಸಿದವರೂ ಉಂಟು. ಹಾಗಾದರೆ ಈ ಕಾರು ದೇವದತ್ತನಂತೆಯೋ, ದೀಪದಂತೆಯೋ? ವ್ಯಾಜ್ಯದ ತಿರುಳು ಇದೇ.

ತೀರ್ಪು

ನ್ಯಾಯಮೂರ್ತಿಗಳು ಬಹು ಎಚ್ಚರಿಕೆಯಿಂದ ಶಬ್ದಗಳನ್ನು ತೂಗಿದರು. ಅಂದು ಇದ್ದ ಅಂಗಗಳೇ ಇಂದೂ ಇರುವ ಮೂಲಸ್ಥಿತಿಯ ಕಾರು ಇದು ಅಲ್ಲವೆಂದು ಹೇಳಿದರು. ಆದರೆ ಈ ಕಾರು ಎಂದೂ ಅಳಿದುಹೋಗಿ ಅದರ ಜಾಗದಲ್ಲಿ ಬೇರೊಂದು ಬಂದುದಲ್ಲ. ಅಂಗಗಳು ಒಂದೊಂದಾಗಿ ಬದಲಾದರೂ ಅದರ ಚರಿತ್ರೆಯು ಎಲ್ಲಿಯೂ ಕಡಿದುಹೋಗಿಲ್ಲ. ಆ ಹೆಸರಿಗೆ ಹಕ್ಕುಳ್ಳ ಮತ್ತೊಂದು ಕಾರು ಲೋಕದಲ್ಲಿಲ್ಲ. ಆದುದರಿಂದ 'ಓಲ್ಡ್ ನಂಬರ್ ಒನ್' ಎಂಬುದು ಇದರ ಪ್ರಮಾಣಸಿದ್ಧವಾದ ಹೆಸರೇ ಸರಿ ಎಂದು ತೀರ್ಪಿತ್ತರು. ಮಾರುವವನು ಗೆದ್ದನು.

ಈ ತೀರ್ಪು ಯುಕ್ತವೆಂದೇ ನಮ್ಮ ಅಭಿಪ್ರಾಯ. ಪಂದ್ಯಕ್ಕಾಗಿಯೇ ಹುಟ್ಟಿದ ಕಾರಿಗೆ ಸವೆಯುವುದೂ ಮುರಿಯುವುದೂ ಮತ್ತೆ ಕೂಡುವುದೂ ಸಹಜಧರ್ಮ. ಕಾಲಕಾಲಕ್ಕೆ ಅಂಗ ಬದಲಾದುದನ್ನೇ ದೋಷವೆಂದು ಎಣಿಸಿದರೆ, ಓಡದೆ ಕೊಟ್ಟಿಗೆಯಲ್ಲಿ ಬಿದ್ದಿದ್ದ ಕಾರೇ ಶ್ರೇಷ್ಠವೆಂದು ಹೇಳಬೇಕಾದೀತು.

ಇದಕ್ಕೆ ವಿಪರೀತವಾದ ಉದಾಹರಣೆಗಳು

ಎಂ.ಜಿ. ಸಂಸ್ಥೆಯವರು 1962ರಿಂದ 1980ರವರೆಗೆ 'ಎಂ.ಜಿ.ಬಿ.' ಎಂಬ ಪುಟ್ಟ ಕಾರನ್ನು ಆಬಿಂಗ್ಡನ್ ಊರಿನಲ್ಲಿ ಲಕ್ಷಗಟ್ಟಲೆ ತಯಾರಿಸಿದರು. ಅದಕ್ಕೆ ಪ್ರತ್ಯೇಕವಾದ ಅಡಿಚೌಕಟ್ಟಿಲ್ಲ. ಒತ್ತಿದ ಉಕ್ಕಿನ ತಗಡಿನ ಕವಚವೇ ಅದರ ಬೆನ್ನೆಲುಬು. ಇಂಗ್ಲೆಂಡಿನ ಮಳೆಗೂ, ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪಿಗೂ ಆ ತಗಡು ತುಕ್ಕು ಹಿಡಿಯುತ್ತದೆ. 1988ರಿಂದ ಹಳೆಯ ಅಚ್ಚುಗಳನ್ನೇ ಉಪಯೋಗಿಸಿ ಹೊಸ ಕವಚಗಳನ್ನು ತಯಾರಿಸತೊಡಗಿದರು. ಹಳೆಯ ಕಾರಿನ ಇಂಜಿನು, ಗಾಲಿ, ಆಸನಗಳನ್ನು ಹೊಸ ಕವಚದಲ್ಲಿ ಕೂಡಿಸಿದರೆ ಅದು ಯಾವ ವರ್ಷದ ಕಾರು? ಒಡೆಯನು "ಹಳೆಯದು" ಎನ್ನುತ್ತಾನೆ. ಕವಚವು "ನಾನು ನಿನ್ನೆ ಹುಟ್ಟಿದೆ" ಎನ್ನುತ್ತದೆ.

ಇದಕ್ಕಿಂತಲೂ ವಿಚಿತ್ರವಾದುದು ಜಾಗ್ವಾರ್ ಸಂಸ್ಥೆಯವರ ಕಾರ್ಯ. 1963ರಲ್ಲಿ ಅವರು 'ಇ-ಟೈಪ್' ಕಾರಿನ ಹಗುರವಾದ ಪಂದ್ಯದ ಮಾದರಿಯನ್ನು ಹದಿನೆಂಟರ ಸಂಖ್ಯೆಯಲ್ಲಿ ತಯಾರಿಸಲು ಸಂಕಲ್ಪಿಸಿ, ಹನ್ನೆರಡನ್ನು ಮಾತ್ರ ಮುಗಿಸಿದರು. ಉಳಿದ ಆರು ಸಂಖ್ಯೆಗಳು ಪುಸ್ತಕದಲ್ಲಿಯೇ ನಿಂತುವು. 2014ರಲ್ಲಿ ಆ ಆರು ಕಾರುಗಳನ್ನೂ ಅವೇ ಸಂಖ್ಯೆಗಳಿಂದ ಕಟ್ಟುವುದಾಗಿ ಸಾರಿದರು. ಅಲ್ಲಿ ಕಾಯವು ಹೊಸದು, ಸಂಖ್ಯೆ ಮಾತ್ರ ಹಳೆಯದು. ಆದರೂ ಇದರಲ್ಲಿ ವಂಚನೆಯಿಲ್ಲ. ಏಕೆಂದರೆ ಹೊಸದೆಂಬುದನ್ನು ಅವರೇ ಬಹಿರಂಗವಾಗಿ ಹೇಳಿದರು.

ಕೊಳ್ಳುವವರಿಗೆ ಎರಡು ಮಾತು

ಜೀರ್ಣೋದ್ಧಾರಗೊಂಡ ವಸ್ತುವನ್ನು ಕೊಳ್ಳುವವರು ಹೊಳಪಿಗೆ ಮರುಳಾಗಬಾರದು. ಬಣ್ಣವು ಹೊಸದಾದಷ್ಟೂ ಅದರ ಕೆಳಗೆ ಏನಿದೆಯೆಂದು ವಿಚಾರಿಸುವುದು ಲೇಸು. ಅಡಿಚೌಕಟ್ಟಿನ ಸಂಖ್ಯೆಯೂ ಇಂಜಿನಿನ ಸಂಖ್ಯೆಯೂ ಹಳೆಯ ದಾಖಲೆಗೆ ಹೊಂದುತ್ತವೆಯೇ? ಒಡೆಯರ ಪರಂಪರೆಯು ಒಬ್ಬರಿಂದೊಬ್ಬರಿಗೆ ಕಡಿಯದೆ ಬಂದಿದೆಯೇ? ಬಿಚ್ಚಿ ಕೂಡಿಸುವಾಗ ತೆಗೆದ ಚಿತ್ರಗಳೂ ಕೆಲಸದ ರಸೀದಿಗಳೂ ಇವೆಯೇ? ಬದಲಾಯಿಸಿದ ಅಂಗಗಳ ಪಟ್ಟಿಯನ್ನು ಮಾರುವವನು ತಾನಾಗಿಯೇ ಕೊಡುತ್ತಾನೆಯೇ, ಕೇಳಿದ ಮೇಲೆ ತಡವರಿಸುತ್ತಾನೆಯೇ? ಪ್ರಶ್ನೆಗಳು ಇಷ್ಟೇ. ಹಳೆಯ ವೀಣೆ, ಹಳೆಯ ಮನೆ, ಹಳೆಯ ಒಡವೆ, ಯಾವುದನ್ನು ಕೊಳ್ಳುವಾಗಲೂ ಇವು ಸಲ್ಲುತ್ತವೆ.

ಮಾರುವವರಿಗೂ ಒಂದು ಮಾತುಂಟು. 'ಅದೇ' ಎಂಬ ಶಬ್ದವು ಚಿಕ್ಕದು. ಆದರೆ ಒಂದು ಕೋಟಿ ಪೌಂಡಿನ ವ್ಯವಹಾರವು ಅದರ ಮೇಲೆ ನಿಂತಿದ್ದಿತು. ಬದಲಾದುದನ್ನು ಬದಲಾದುದೆಂದೂ ಉಳಿದುದನ್ನು ಉಳಿದುದೆಂದೂ ಮೊದಲೇ ಬರೆದುಕೊಟ್ಟರೆ, ಕೊಂಡವನು ನೆಮ್ಮದಿಯಿಂದ ಮಲಗುತ್ತಾನೆ. ಮಾರಿದವನು ನ್ಯಾಯಾಲಯದ ಮೆಟ್ಟಿಲನ್ನು ಹತ್ತಬೇಕಾಗುವುದಿಲ್ಲ.