ಅಕ್ಕನ ಬಳಗಕ್ಕೆ ತಂಗಿಯರು ಬೇಕಾಗಿದ್ದಾರೆ

ದವನದ ಹುಣ್ಣಿಮೆ ಹತ್ತಿರ ಬಂತೆಂದರೆ ನಮ್ಮ ಕಡೆ ಊರೂರಲ್ಲಿ ತೊಟ್ಟಿಲು ಸಿಂಗಾರಗೊಳ್ಳುತ್ತದೆ. ಅಂದು ಅಕ್ಕಮಹಾದೇವಿ ಜಯಂತಿ. ಹೂ ಕಟ್ಟುವುದು, ಅಕ್ಕನನ್ನು ತೊಟ್ಟಿಲಲ್ಲಿಟ್ಟು ಹೆಸರು ಕರೆಯುವುದು, ಜೋಗುಳ ಹಾಡುವುದು, ಬಂದವರಿಗೆಲ್ಲ ಪ್ರಸಾದ ಬಡಿಸುವುದು ಎಲ್ಲವೂ ಹೆಣ್ಣುಮಕ್ಕಳದೇ ಕಾರುಬಾರು. ಇದನ್ನು ವರ್ಷ ತಪ್ಪದೆ ನಡೆಸಿಕೊಂಡು ಬಂದ ಸಂಘಟನೆಗೆ ಅಕ್ಕನ ಬಳಗ ಎಂದು ಹೆಸರು. ಕೊಪ್ಪಳ ಸೀಮೆಯಷ್ಟೇ ಅಲ್ಲ, ಉತ್ತರ ಕರ್ನಾಟಕದ ಯಾವ ಪೇಟೆಗೆ ಹೋದರೂ ಈ ಹೆಸರಿನದೊಂದು ಫಲಕ ಕಾಣುತ್ತದೆ. ಆದರೆ ಜೋಗುಳ ಹಾಡುವ ಸಾಲಿನಲ್ಲಿ ಈಗ ಬಹುಪಾಲು ನೆರೆತ ತಲೆಗಳೇ. ಪಕ್ಕದ ಓಣಿಯಲ್ಲೇ ಪದವಿ ಕಾಲೇಜು ಇದ್ದರೂ ಅಲ್ಲಿಯ ಹುಡುಗಿಯರು ಈ ಸಾಲಿಗೆ ಬಂದಿಲ್ಲ.

ಅಕ್ಕನ ಬಳಗಕ್ಕೆ ಕೇಂದ್ರ ಕಚೇರಿ ಇಲ್ಲ. ಅಖಿಲ ಭಾರತ ಶರಣ ಸಾಹಿತ್ಯ ಪರಿಷತ್ತಿನ ಕದಳಿ ಮಹಿಳಾ ವೇದಿಕೆಗಾದರೆ ಮಾತೃಸಂಸ್ಥೆಯ ಆಸರೆ ಉಂಟು. ಬಳಗ ಹಾಗಲ್ಲ. ಊರಿನ ಹೆಣ್ಣುಮಕ್ಕಳು ಕೂಡಿ ಕಟ್ಟಿದ್ದು, ಅವರದೇ ಚಂದಾ, ಅವರದೇ ಲೆಕ್ಕ. ಮಠದ ಅಂಗಳವೋ ಯಾರದೋ ಮನೆಯ ಪಡಸಾಲೆಯೋ ಸಭೆಯ ಜಾಗ. ಮೇಲಿನಿಂದ ದುಡ್ಡೂ ಬರುವುದಿಲ್ಲ, ಆದೇಶವೂ ಬರುವುದಿಲ್ಲ. ಇಂಥ ಸಂಘದ ಬಲವೆಲ್ಲ ಸದಸ್ಯರಲ್ಲೇ ಇರುತ್ತದೆ. ಹೊಸಬರು ಬರದಿದ್ದರೆ ಮೇಲಿನಿಂದ ಕೈಹಿಡಿದು ಎತ್ತುವವರು ಯಾರೂ ಇಲ್ಲ.

ಇಂಥ ಬಳಗಗಳಿಗೆ ನೆಲ ಹದವಾದ ಬಗೆಯನ್ನೂ ನೋಡಬೇಕು. 1913ರಲ್ಲಿ ದಾವಣಗೆರೆಯಲ್ಲಿ ಹರ್ಡೇಕರ ಮಂಜಪ್ಪನವರು ಬಸವ ಜಯಂತಿಯ ಸಾರ್ವಜನಿಕ ಆಚರಣೆಗೆ ನಾಂದಿ ಹಾಡಿದರು. 1923ರಲ್ಲಿ ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ ಅಚ್ಚಾಯಿತು. ಓಲೆಗರಿಯಲ್ಲಿದ್ದ ವಚನ ಪುಸ್ತಕವಾಗಿ ಮನೆಗೆ ಬಂದಾಗ, ಓದಬಲ್ಲ ಹೆಣ್ಣುಮಗಳು ಓದಿ ಉಳಿದವರು ಕೇಳುವ ಕೂಟಗಳಿಗೂ ದಾರಿಯಾಯಿತು. ಅಕ್ಕ, ನೀಲಾಂಬಿಕೆ, ಸತ್ಯಕ್ಕ, ಸೂಳೆ ಸಂಕವ್ವೆ ಸೇರಿ ಮೂವತ್ತಕ್ಕೂ ಹೆಚ್ಚು ಶರಣೆಯರ ವಚನಗಳು ಉಳಿದು ಬಂದಿವೆ. ಹನ್ನೆರಡನೆಯ ಶತಮಾನದಲ್ಲಿ ಇಷ್ಟು ಮಂದಿ ಹೆಣ್ಣುಮಕ್ಕಳು ತಮ್ಮ ಹೆಸರಿನಲ್ಲಿ, ತಮ್ಮ ಅಂಕಿತದಲ್ಲಿ ಮಾತಾಡಿದ್ದಾರೆ ಎಂಬ ತಿಳಿವಳಿಕೆಯೇ ಬಳಗಗಳಿಗೆ ಸಿಕ್ಕ ದೊಡ್ಡ ಬಂಡವಾಳ.

ವಾರಕ್ಕೊಮ್ಮೆ ಅಥವಾ ಹುಣ್ಣಿಮೆಗೊಮ್ಮೆ ಬಳಗದ ಸಭೆ. ಮೊದಲು ಪ್ರಾರ್ಥನೆ, ಆಮೇಲೆ ಸಾಮೂಹಿಕ ವಚನ ಗಾಯನ, ಒಬ್ಬರಿಂದ ವಚನದ ವಿವರಣೆ, ಕೊನೆಗೆ ಮಂಗಳ. ಶ್ರಾವಣದಲ್ಲಿ ತಿಂಗಳಿಡೀ ಪುರಾಣ, ಪ್ರವಚನ. ಹೊರಗಿನವರಿಗೆ ಇದು ಭಜನೆಯ ಕೂಟದಂತೆ ಕಂಡೀತು. ಒಳಗೆ ನಡೆಯುವ ಕಲಿಕೆ ಬೇರೆಯೇ. ಮನೆಯಲ್ಲಿ ಮಾವನ ಎದುರು ದನಿಯೆತ್ತದ ಸೊಸೆ ಇಲ್ಲಿ ಮೈಕ್ ಹಿಡಿದು ಹತ್ತು ನಿಮಿಷ ಮಾತಾಡುತ್ತಾಳೆ. ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು ಖಜಾಂಚಿಯಾಗಿ ಜಮಾ-ಖರ್ಚು ಬರೆಯುತ್ತಾಳೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಸಂಘ ಕಟ್ಟಲು ಕನಿಷ್ಠ 7 ಮಂದಿ ಬೇಕು, ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆ ಕರೆಯಬೇಕು, ಆಡಳಿತ ಮಂಡಳಿಯ ಪಟ್ಟಿಯನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ನೋಂದಾಯಿತ ಬಳಗವೊಂದರಲ್ಲಿ ಠರಾವು ಬರೆಯುವುದನ್ನು ಕಲಿತವಳು ಗ್ರಾಮ ಪಂಚಾಯಿತಿ ಸಭೆಯಲ್ಲಿ ಹೆದರುವುದಿಲ್ಲ. 2011ರ ಜನಗಣತಿಯಲ್ಲಿ ಕೊಪ್ಪಳ ಜಿಲ್ಲೆಯ ಮಹಿಳಾ ಸಾಕ್ಷರತೆ ಶೇ 57ರ ಆಸುಪಾಸಿನಲ್ಲೇ ಇತ್ತು. ಅಂಥ ನೆಲದಲ್ಲಿ ಈ ಕೂಟಗಳು ಮಾಡಿದ್ದನ್ನು ನಾವು ಇನ್ನೂ ಸರಿಯಾಗಿ ಗುರುತಿಸಿಲ್ಲ ಎಂಬುದು ನನ್ನ ಅಳಲು.

ಹಾಗಾದರೆ ಜನ ಕಡಿಮೆಯಾದದ್ದೇಕೆ? ಟಿ.ವಿ., ಮೊಬೈಲು ಎಂದು ದೂರಿ ಸುಮ್ಮನಾಗುವುದು ಸುಲಭ. 2000ದಿಂದೀಚೆಗೆ ಸ್ತ್ರೀಶಕ್ತಿ ಗುಂಪುಗಳು, ಆ ಬಳಿಕ ನಮ್ಮ ಕಡೆಗೂ ಧರ್ಮಸ್ಥಳ ಸಂಘಗಳು ಬಂದವು. ಉಳಿತಾಯ, ಸಾಲ, ವಾರದ ಕಂತು ಎಲ್ಲ ಅಲ್ಲೇ ಇರುವಾಗ ಹೆಣ್ಣುಮಕ್ಕಳ ಬಿಡುವಿನ ಸಂಜೆ ಅತ್ತ ಹೋಯಿತು. ಅದು ತಪ್ಪಲ್ಲ, ಅವರಿಗೆ ಅದು ಬೇಕಿತ್ತು. ಕಾಲೇಜು ಹುಡುಗಿಯರ ಮಾತು ಬೇರೆ. ಅವರನ್ನು ಕರೆದವರೇ ಇಲ್ಲ. ಕರೆದರೂ ಸಂಜೆ ಐದಕ್ಕೆ ಬಾ ಎನ್ನುತ್ತಾರೆ. ಹಳ್ಳಿಯ ಹುಡುಗಿ ಆ ಹೊತ್ತಿಗೆ ಬಸ್‌ಸ್ಟ್ಯಾಂಡಿನಲ್ಲಿರುತ್ತಾಳೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಟಿಕೆಟ್ ದುಡ್ಡಿನ ಚಿಂತೆ ಹೋಯಿತು. ಕೊನೆಯ ಬಸ್ಸಿನ ಚಿಂತೆ ಮಾತ್ರ ಹಾಗೇ ಇದೆ. ಬಳಗದ ಸಭೆ ಮಧ್ಯಾಹ್ನದ ಬಿಡುವಿಗೆ, ಕಾಲೇಜಿನ ಹತ್ತಿರಕ್ಕೆ ಬಂದರೆ ಅರ್ಧ ತೊಡಕು ಬಗೆಹರಿಯುತ್ತದೆ.

ಇದು ನಮ್ಮೊಬ್ಬರ ಸಂಕಟವೇನಲ್ಲ. ಅಮೆರಿಕದ ಜಾರ್ಜಿಯಾದಲ್ಲಿ ಮೇಕನ್ ಎಂಬ ಊರಿನ ಮಹಿಳಾ ಕಾಲೇಜಿನಲ್ಲಿ 1851ರಲ್ಲೇ ವಿದ್ಯಾರ್ಥಿನಿಯರ ಸೋದರಿ ಸಂಘವೊಂದು ಹುಟ್ಟಿತು. ಅಲ್ಲಿ ಈಗ ಅಂಥ ಸಂಘಗಳಿಗೆ ಸೊರಾರಿಟಿ ಎನ್ನುತ್ತಾರೆ. 1998ರಲ್ಲಿ ಟೆಕ್ಸಾಸ್‌ನ ವಿಶ್ವವಿದ್ಯಾಲಯವೊಂದರಲ್ಲಿ ದಕ್ಷಿಣ ಏಷ್ಯಾ ಮೂಲದ ಹುಡುಗಿಯರೂ ತಮ್ಮದೇ ಸಂಘ ಕಟ್ಟಿಕೊಂಡರು. ರಾಷ್ಟ್ರಮಟ್ಟದ ಸಂಸ್ಥೆಗೆ ಸೇರದೆ ಒಂದೇ ಕಾಲೇಜಿನಲ್ಲಿ ನಿಂತ ಸ್ವತಂತ್ರ ಸಂಘಗಳಿಗೆ ಅಲ್ಲಿಯೂ ಇದೇ ಕಷ್ಟ. ನಾಲ್ಕು ವರ್ಷಕ್ಕೆ ಓದು ಮುಗಿದು ಎಲ್ಲರೂ ಹೊರಟುಹೋಗುತ್ತಾರೆ. ಒಂದು ವರ್ಷ ಹೊಸಬರು ಸೇರಲಿಲ್ಲವೆಂದರೆ ಮುಂದಿನ ವರ್ಷ ಕರೆಯುವವರೇ ಇರುವುದಿಲ್ಲ. ಆದ್ದರಿಂದ ಅವರು ಓದಿನ ವರ್ಷದ ಆರಂಭದಲ್ಲೇ ಹೊಸ ಹುಡುಗಿಯರನ್ನು ಕರೆದು, ಒಬ್ಬೊಬ್ಬರೊಡನೆ ಕೂತು ಮಾತಾಡಿ, ಪರಿಚಯ ಮಾಡಿಕೊಂಡು ಸೇರಿಸಿಕೊಳ್ಳುವ ಪದ್ಧತಿ ಬೆಳೆಸಿದ್ದಾರೆ. ನಮ್ಮ ಬಳಗಗಳು ಅವರಿಂದ ಕಲಿಯಬೇಕಾದದ್ದು ಇದೊಂದನ್ನೇ. ಭಿತ್ತಿಪತ್ರ ಅಂಟಿಸಿದರೆ, ವಾಟ್ಸ್‌ಆ್ಯಪ್‌ನಲ್ಲಿ ಹಾಕಿದರೆ ಯಾರೂ ಬರುವುದಿಲ್ಲ. ‘ನಾಳೆ ಬಾರವ್ವಾ, ನಿನಗೊಂದು ಕೆಲಸ ಐತಿ, ಮುಗಿದ ಮ್ಯಾಲ ನಾನಾ ಬಸ್ ಹತ್ತಿಸಿ ಬರ್ತೀನಿ’ ಎಂದು ಹಿರಿಯಕ್ಕ ಎದುರು ನಿಂತು ಹೇಳಿದರೆ ಹುಡುಗಿ ಬರುತ್ತಾಳೆ, ಅವಳ ಅವ್ವನೂ ಕಳಿಸುತ್ತಾಳೆ.

ಕೆಲಸ ಕೊಡುವುದೇ ಮುಖ್ಯ. ಬಂದ ಹುಡುಗಿಯನ್ನು ಕೊನೆಯ ಸಾಲಿನಲ್ಲಿ ಕೂರಿಸಿ ಕೇಳು ಎಂದರೆ ಎರಡನೇ ಸಲ ಬರಲಾರಳು. ನಮ್ಮ ಪಕ್ಕದ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಲಕ್ಕಮ್ಮ, ಗಂಡ ಹೆಚ್ಚಿಗೆ ತಂದ ಅಕ್ಕಿಯನ್ನು ತಿರುಗಿ ಹಾಕಿ ಬರಲು ಹೇಳಿದಾಕೆ. ಕಾಯಕದ ಬಗ್ಗೆ ಅಷ್ಟು ನಿಖರವಾಗಿ ಮಾತಾಡಿದವಳ ಹೆಸರು ಹೇಳುವ ಬಳಗದಲ್ಲಿ ಹುಡುಗಿಯರಿಗೆ ಕಾಯಕ ಸಿಗಬೇಡವೇ? ಹಿರಿಯರ ಬಾಯಲ್ಲಿರುವ ಜೋಗುಳ, ಸೋಬಾನೆ, ಬೀಸುಕಲ್ಲಿನ ಪದಗಳನ್ನು ಫೋನಿನಲ್ಲಿ ಧ್ವನಿಮುದ್ರಿಸಿ ಬರೆದಿಡುವುದು ಅವರಿಗೇ ತಕ್ಕ ಕೆಲಸ. ವಿದ್ಯಾರ್ಥಿವೇತನದ ಅರ್ಜಿ ತುಂಬಿಸುವುದು, ನಮ್ಮ ಭಾಗದವರ ಮೀಸಲಾತಿಗೆ ಬೇಕಾದ 371ಜೆ ಪ್ರಮಾಣಪತ್ರಕ್ಕೆ ಯಾವ ದಾಖಲೆ ಬೇಕೆಂದು ಹೊಸಬರಿಗೆ ಹೇಳುವುದು ಮತ್ತೊಂದು. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಗಳಿಂದ ರೊಟ್ಟಿಯ ಬುಟ್ಟಿ ಬರುವುದನ್ನು ಕಂಡವರಿಗೆ, ಸೇರಿ ದುಡಿಯುವ ಖುಷಿಯನ್ನು ವಿವರಿಸಿ ಹೇಳಬೇಕಿಲ್ಲ.

ಒಂದೊಂದು ತಾಲ್ಲೂಕಿನ ಅಗತ್ಯವೂ ಬೇರೆ. ಕಾಲುವೆಯ ನೀರು, ಭತ್ತದ ಗಿರಣಿಗಳ ಗಂಗಾವತಿಯಲ್ಲಿ ಹುಡುಗಿಯರಿಗೆ ಓದಿನ ಅನುಕೂಲ ಒಂದಿಷ್ಟು ಹೆಚ್ಚು. ಕುಷ್ಟಗಿ, ಯಲಬುರ್ಗಾದ ಒಣಭೂಮಿಯ ಕಥೆ ಹಾಗಲ್ಲ. ಮಳೆ ಕೈಕೊಟ್ಟ ವರ್ಷ ಅಪ್ಪ ಅವ್ವ ಬೆಂಗಳೂರು, ಗೋವಾ ಎಂದು ಗುಳೆ ಹೋಗುತ್ತಾರೆ. ಓದುವ ಹುಡುಗಿ ಅಜ್ಜಿಯ ಜೊತೆಗೋ ಹಾಸ್ಟೆಲಿನಲ್ಲೋ ಉಳಿಯುತ್ತಾಳೆ. ಹದಿನೆಂಟು ತುಂಬುವ ಮೊದಲೇ ಮದುವೆಯ ಮಾತು ಬರುವುದೂ ಇಂಥ ಮನೆಗಳಲ್ಲೇ ಹೆಚ್ಚು. ಅವಳಿಗೆ ಊರಿನಲ್ಲಿ ನಂಬಿಕಸ್ಥ ನಾಲ್ಕು ಅಕ್ಕಂದಿರು ಇದ್ದರೆ ಅವಳ ಪರವಾಗಿ ಮನೆಯವರೊಡನೆ ಕೂತು ಮಾತಾಡಬಲ್ಲರು. ಬಳಗಕ್ಕೆ ಈಗಲೂ ಇರುವ ದೊಡ್ಡ ಕೆಲಸ ಇದೇ ಎಂದು ನಾನು ನಂಬಿದ್ದೇನೆ.

ಬಾಗಿಲು ಎಲ್ಲರಿಗೂ ತೆರೆಯಬೇಕು ಎಂಬುದನ್ನೂ ಹೇಳಲೇಬೇಕು. ಹಲವು ಬಳಗಗಳು ತಿಳಿದೋ ತಿಳಿಯದೆಯೋ ಒಂದೇ ಸಮುದಾಯದ ಹೆಣ್ಣುಮಕ್ಕಳ ಕೂಟವಾಗಿ ಉಳಿದಿವೆ. ಕಾಲೇಜಿನ ಬೆಂಚಿನಲ್ಲಿ ಜೊತೆಗೆ ಕೂತ ಗೆಳತಿಯರಲ್ಲಿ ಒಬ್ಬಳನ್ನಷ್ಟೇ ಕರೆದರೆ ಇಬ್ಬರೂ ಬರುವುದಿಲ್ಲ. ಅಕ್ಕನ ಹೆಸರಿಟ್ಟುಕೊಂಡ ಮೇಲೆ ಜಾತಿ ಕೇಳುವ ಹಕ್ಕು ಬಳಗಕ್ಕಿಲ್ಲ.

ಕರೆಯಲು ಶ್ರಾವಣವೇ ಸರಿಯಾದ ಕಾಲ. ಅಷ್ಟರಲ್ಲಿ ಪದವಿ ಕಾಲೇಜುಗಳ ಪ್ರವೇಶ ಬಹುಮಟ್ಟಿಗೆ ಮುಗಿದು, ಮೊದಲ ವರ್ಷದ ಹುಡುಗಿಯರು ಗೆಳತಿಯರನ್ನು ಹುಡುಕುತ್ತಿರುತ್ತಾರೆ. ಮಠಗಳಲ್ಲಿ ಪ್ರವಚನ ನಡೆದಿರುತ್ತದೆ, ಬಳಗದವರು ಹೇಗೂ ದಿನಾ ಸೇರುತ್ತಾರೆ. ಪ್ರಾಂಶುಪಾಲರನ್ನು ಕಂಡು ಒಂದು ಮಧ್ಯಾಹ್ನ ಕೇಳಿಕೊಂಡರೆ ಸಾಕು. ಇಬ್ಬರು ಹಿರಿಯರು, ಒಂದು ಹಾರ್ಮೋನಿಯಂ, ಸದಸ್ಯತ್ವದ ಪುಸ್ತಕ. ಮೊದಲ ವರ್ಷ ಏಳೇ ಮಂದಿ ಹೆಸರು ಬರೆಸಿದರೂ ಅವರಲ್ಲೊಬ್ಬಳನ್ನು ಆ ದಿನವೇ ಸಹಕಾರ್ಯದರ್ಶಿ ಮಾಡಿ, ಠರಾವು ಪುಸ್ತಕ ಅವಳ ಕೈಗೆ ಕೊಡಿ.