ಹಳೆಯ ಬೋಟು, ಹೊಸ ಬಣ್ಣ

ಕರಾವಳಿಯ ಜಿಲ್ಲೆಯೊಂದರಲ್ಲಿ ನಾನು ಸೇವೆಯಲ್ಲಿದ್ದಾಗ, ನವೆಂಬರ್‌ನ ಒಂದು ಬೆಳಿಗ್ಗೆ ಸೋದರರಿಬ್ಬರು ಅರ್ಜಿ ಹಿಡಿದು ಕಚೇರಿಗೆ ಬಂದಿದ್ದರು. ಅದುವರೆಗೆ ಬೇರೆಯವರ ಬೋಟಿನಲ್ಲಿ ಕಲಾಸಿಗಳಾಗಿ ದುಡಿಯುತ್ತಿದ್ದ ಅವರು ಮನೆಯ ಒಡವೆ ಅಡವಿಟ್ಟು, ಸಹಕಾರಿ ಸಂಘದಲ್ಲಿ ಸಾಲ ಮಾಡಿ, ಜುಲೈ ತಿಂಗಳಿನಲ್ಲಿ ಮರದ ಟ್ರಾಲ್ ಬೋಟೊಂದನ್ನು ಕೊಂಡಿದ್ದರು. ದಡದ ಮೇಲೆ ನಿಂತಿದ್ದ ಬೋಟು ಹೊಸ ಬಣ್ಣದಿಂದ ಹೊಳೆಯುತ್ತಿತ್ತಂತೆ. ಸೆಪ್ಟೆಂಬರ್ ಕಳೆಯುವಷ್ಟರಲ್ಲಿ ತಳದಿಂದ ನೀರು ಒಸರತೊಡಗಿತು. ಹಲಗೆ ಬಿಚ್ಚಿ ನೋಡಿದರೆ ಒಳಗೆಲ್ಲ ಜೇನುಗೂಡಿನಂತೆ ರಂಧ್ರಗಳು. ಬೋಟನ್ನು ದುರಸ್ತಿಗೆಂದು ಎಳೆದಿಟ್ಟಿರುವಾಗಲೇ ಬ್ಯಾಂಕಿನ ನೋಟಿಸೂ ಬಂತು. ಹಿಂದಿನ ಮಾಲೀಕನ ಸಾಲ ತೀರಿರಲಿಲ್ಲ. ಮಾರಿದವನಿಂದ ಹಣ ವಾಪಸು ಕೊಡಿಸಬೇಕೆಂಬುದು ಅರ್ಜಿದಾರರ ಕೋರಿಕೆ. ಸಿವಿಲ್ ನ್ಯಾಯಾಲಯಕ್ಕೆ ಹೋಗಿ ಎನ್ನುವುದರ ಹೊರತು ನನ್ನ ಬಳಿ ಉತ್ತರವಿರಲಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದ ಪ್ರಬಂಧ ಪರಿಚಿತ. ಬಳಸಿದ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿಟ್ಟುಕೊಂಡು, ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದಾಗ ಏನಾಗುತ್ತದೆಂಬುದನ್ನು ಅವರು ವಿವರಿಸಿದರು. 2001ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ಅವರಿಗೆ ದೊರೆತದ್ದೂ ಈ ಚಿಂತನೆಗಾಗಿಯೇ. ಕೊಳ್ಳುವವನು ಮೋಸದ ಭಯದಿಂದ ಎಲ್ಲದಕ್ಕೂ ಬೆಲೆ ಇಳಿಸುತ್ತಾನೆ. ಆ ಬೆಲೆಗೆ ಒಳ್ಳೆಯ ಸರಕಿನ ಒಡೆಯ ಮಾರಲೊಪ್ಪುವುದಿಲ್ಲ. ಕೊನೆಗೆ ಮಾರುಕಟ್ಟೆಯಲ್ಲಿ ಉಳಿಯುವುದು ಕಳಪೆ ಸರಕು. ಕಾರಿಗೆ ಸಲ್ಲುವ ಈ ಮಾತು ಬೋಟಿಗೆ ಇನ್ನೂ ಹೆಚ್ಚು ಸಲ್ಲುತ್ತದೆ. ಬೋಟಿನ ದೋಷದ ಬಹುಪಾಲು ನೀರಿನ ಕೆಳಗಿರುತ್ತದೆ.

ಕಾನೂನು ಇಲ್ಲಿ ಕೊಳ್ಳುವವನ ಕೈ ಹಿಡಿಯುವುದು ಕಡಿಮೆ. 1930ರ ಸರಕು ಮಾರಾಟ ಕಾಯ್ದೆಯ ಸಾಮಾನ್ಯ ನಿಯಮ ಕೊಳ್ಳುವವನೇ ಎಚ್ಚರವಾಗಿರಬೇಕೆಂಬುದು. ಅಪವಾದಗಳಿವೆಯಾದರೂ, ಸರಕನ್ನು ಪರೀಕ್ಷಿಸಿ ಕೊಂಡವನು ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷದ ಬಗ್ಗೆ ತಕರಾರು ತೆಗೆಯುವಂತಿಲ್ಲ. 1872ರ ಕರಾರು ಕಾಯ್ದೆಯ ಪ್ರಕಾರ, ಹೇಳಲೇಬೇಕಾದ ಕರ್ತವ್ಯವಿಲ್ಲದಿದ್ದಲ್ಲಿ ಬರಿಯ ಮೌನ ವಂಚನೆಯಾಗುವುದಿಲ್ಲ. ಹೀಗಿರುವಾಗ ಮುಂಗಡ ಕೊಡುವ ಮೊದಲಿನ ಒಂದು ವಾರದ ಓಡಾಟವೇ ಕೊಳ್ಳುವವನಿಗಿರುವ ನಿಜವಾದ ರಕ್ಷಣೆ.

ಓಡಾಟ ಕಾಗದಪತ್ರದಿಂದ ಆರಂಭವಾಗಬೇಕು. 2008ರ ನವೆಂಬರ್‌ನಲ್ಲಿ ಮುಂಬೈ ದಾಳಿಕೋರರು ‘ಕುಬೇರ್’ ಎಂಬ ಮೀನುಗಾರಿಕಾ ಬೋಟನ್ನು ಅಪಹರಿಸಿ ಬಂದ ಬಳಿಕ ನೋಂದಣಿ ಬಿಗಿಯಾಯಿತು. ದೇಶದ ಮೀನುಗಾರಿಕಾ ದೋಣಿಗಳ ನೋಂದಣಿ ಮತ್ತು ಪರವಾನಗಿ ‘ರಿಯಲ್‌ಕ್ರಾಫ್ಟ್’ ಎಂಬ ಆನ್‌ಲೈನ್ ವ್ಯವಸ್ಥೆಗೆ ಒಳಪಟ್ಟವು. ಪ್ರಮಾಣಪತ್ರದಲ್ಲಿರುವ ಉದ್ದ, ಅಗಲ, ಎಂಜಿನ್ ಸಂಖ್ಯೆಗಳನ್ನು ಬೋಟಿನೊಂದಿಗೆ ತಾಳೆ ನೋಡಬೇಕು. ಎಂಜಿನ್ ಬದಲಿಸಿ ಇಲಾಖೆಗೆ ತಿಳಿಸದವರು ಅನೇಕರು. ತೆರಿಗೆ ವಿನಾಯಿತಿಯ ಡೀಸೆಲ್‌ನಂಥ ಸೌಲಭ್ಯಗಳು ಈ ದಾಖಲೆಗಳಿಗೇ ಅಂಟಿಕೊಂಡಿರುವುದರಿಂದ ತೊಂದರೆ ಹೊಸ ಮಾಲೀಕನ ತಲೆಗೇ ಬರುತ್ತದೆ. ಪಾಲುದಾರಿಕೆಯ ಬೋಟಾದರೆ ಪಾಲುದಾರರೆಲ್ಲರ ಸಹಿ, ಸಾಲದ ಬೋಟಾದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ, ಸಹಾಯಧನದಿಂದ ಕಟ್ಟಿದ್ದಾದರೆ ಪರಭಾರೆಗೆ ನಿರ್ಬಂಧವಿಲ್ಲವೆಂಬ ಇಲಾಖೆಯ ಮಾತು ಲಿಖಿತವಾಗಿ ಸಿಗಬೇಕು.

ಹೆಚ್ಚಿನವರಿಗೆ ತಿಳಿಯದ ಸಂಗತಿಯೊಂದಿದೆ. 2017ರ ನೌಕಾ ವ್ಯಾಜ್ಯಗಳ ಕಾಯ್ದೆಯು (ಅಡ್ಮಿರಾಲ್ಟಿ ಕಾಯ್ದೆ) ನೌಕೆಯಲ್ಲಿ ದುಡಿದವರ ವೇತನದ ಬಾಕಿಯನ್ನು ನೌಕೆಯ ಮೇಲಿನ ಋಣಭಾರವೆಂದೇ ಪರಿಗಣಿಸುತ್ತದೆ. ಮಾಲೀಕ ಬದಲಾದರೂ ಆ ಭಾರ ನೌಕೆಯನ್ನು ಬಿಡುವುದಿಲ್ಲ. ವೇತನದ ವಿಷಯದಲ್ಲಿ ಅದರ ಅವಧಿ 2 ವರ್ಷ. ಕಾಯ್ದೆಯಲ್ಲಿ ನೌಕೆಯೆಂದರೆ ದೋಣಿಯೂ ಸೇರುತ್ತದೆ, ಇಂಥ ವ್ಯಾಜ್ಯ ವಿಚಾರಿಸುವ ಅಧಿಕಾರ ಕರ್ನಾಟಕ ಹೈಕೋರ್ಟಿಗೂ ಇದೆ. ಆದುದರಿಂದ ಹಿಂದಿನ ತಂಡೇಲನನ್ನೂ ಕಲಾಸಿಗಳನ್ನೂ ಕಂಡು ಬಾಕಿಯಿಲ್ಲವೆಂದು ಬರೆಸಿಕೊಳ್ಳುವುದು ಕ್ಷೇಮ. ಬೋಟು ಎಲ್ಲಿ ತಗುಲಿತ್ತು, ಅಳಿವೆಯ ಮರಳ ದಿಬ್ಬಕ್ಕೆ ಎಷ್ಟು ಸಲ ಹೊಡೆದಿತ್ತು ಎಂಬುದು ಗೊತ್ತಾಗುವುದೂ ಅವರಿಂದಲೇ.

ಇನ್ನು ಬೋಟಿನ ಒಡಲು. ಮರದ ಬೋಟಿನ ಪರಮಶತ್ರು ಹಡಗುಹುಳು. ಹೆಸರು ಹುಳುವಾದರೂ ಅದು ಕಪ್ಪೆಚಿಪ್ಪಿನ ಕುಲಕ್ಕೆ ಸೇರಿದ ಜೀವಿ. ಮರಿಯಾಗಿದ್ದಾಗ ಸೂಜಿಮೊನೆಯಷ್ಟು ಚಿಕ್ಕ ತೂತಿನಿಂದ ಒಳಹೊಕ್ಕು, ಒಳಗೇ ಬೆಳೆಯುತ್ತಾ ಮರವನ್ನು ಉದ್ದಕ್ಕೂ ಕೊರೆಯುತ್ತದೆ. ಹೊರಗೆ ಕಾಣುವ ತೂತನ್ನು ಒಂದು ಕೈ ಬಣ್ಣ ಮುಚ್ಚಿಬಿಡುತ್ತದೆ. ಆ ಸೋದರರು ಕಂಡ ಹೊಳಪು ಅದೇ. ಸುತ್ತಿಗೆಯಿಂದ ಹಲಗೆ ಹಲಗೆಯನ್ನೂ ತಟ್ಟುತ್ತಾ ಹೋದರೆ ಗಟ್ಟಿ ಮರ ಖಣಿಲೆನ್ನುತ್ತದೆ, ಟೊಳ್ಳು ಮರದ ಸದ್ದು ಮಂಕು. ಅನುಮಾನವಿದ್ದಲ್ಲಿ ದಬ್ಬಳ ಚುಚ್ಚಿ ನೋಡಬೇಕು. ಮಾರುವವನು ಬೇಡವೆಂದರೆ ಅದೂ ಒಂದು ಉತ್ತರವೇ. ಮರವನ್ನು ಕೊಳೆಸುವುದರಲ್ಲಿ ಕಡಲ ಉಪ್ಪುನೀರಿಗಿಂತ ಸಿಹಿನೀರು ಮುಂದು. ಆದ್ದರಿಂದ ಮಂಜುಗಡ್ಡೆ ಕರಗಿ ಇಳಿಯುವ ಮೀನಿನ ಕೋಣೆಯ ಸುತ್ತ, ಮಳೆನೀರು ನಿಲ್ಲುವ ಮೂಲೆಗಳಲ್ಲಿ ವಿಶೇಷ ಗಮನವಿರಬೇಕು. ಬಣ್ಣದ ಮೇಲೆ ಕೆಂಗಂದು ಗೆರೆಗಳು ಇಳಿದಿದ್ದರೆ ಒಳಗೆ ಮೊಳೆಗಳು ತುಕ್ಕು ತಿನ್ನುತ್ತಿವೆಯೆಂದು ಅರ್ಥ.

ಫೈಬರ್ ಬೋಟಿನಲ್ಲಿ ನೋಡಬೇಕಾದುದು ತಳದ ಗುಳ್ಳೆಗಳನ್ನು, ಬಿರುಕುಗಳನ್ನು. ಉಕ್ಕಿನದಾದರೆ ತಗಡಿನ ದಪ್ಪವನ್ನು ಅಲ್ಟ್ರಾಸಾನಿಕ್ ಉಪಕರಣದಿಂದ ಅಳೆಯಿಸಬೇಕು.

ಎಂಜಿನ್ ಪರೀಕ್ಷೆಗೆ ಹೋಗುವಾಗ ಅದು ತಣ್ಣಗಿರಬೇಕೆಂದು ಮೊದಲೇ ಹೇಳಿರುವುದು ಲೇಸು. ನಾವು ತಲುಪುವ ಮುನ್ನವೇ ಬಿಸಿ ಮಾಡಿಟ್ಟಿದ್ದರೆ ಸುಲಭವಾಗಿ ಚಾಲೂ ಆಗುವುದು ದೊಡ್ಡ ಮಾತಲ್ಲ. ಆಯಿಲ್ ಹಾಲಿನಂತೆ ಬಿಳುಚಿದ್ದರೆ ನೀರು ಸೇರಿದೆ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಕಪ್ಪು ಹೊಗೆ ಬಿಡದೆ ಬಂದರೆ ಇಂಧನ ಪೂರ್ತಿ ಉರಿಯುತ್ತಿಲ್ಲ, ಇಲ್ಲವೇ ಹೊರೆ ಮೀರಿದೆ. ಫ್ಯಾನನ್ನು (ಪ್ರೊಪೆಲ್ಲರನ್ನು ದಕ್ಕೆಯಲ್ಲಿ ಕರೆಯುವುದೇ ಹಾಗೆ) ಕೈಯಿಂದ ಅಲುಗಾಡಿಸಿದಾಗ ಶಾಫ್ಟು ಅತ್ತಿತ್ತ ಕುಣಿಯಬಾರದು. ಇದೆಲ್ಲ ಮುಗಿದ ಮೇಲೂ ಕಡಲಿಗಿಳಿಸಿ ಕೆಲವು ಗಂಟೆ ಪೂರ್ಣ ವೇಗದಲ್ಲಿ ಓಡಿಸದೆ ಹಣ ಕೊಡಬಾರದು. ಬಲೆ, ದೀಪಗಳನ್ನೂ ಸೇರಿಸಿ ಬೆಲೆ ಹೇಳುವವರಿದ್ದಾರೆ. ಎಲ್‌ಇಡಿ ಬೆಳಕಿನ ಮೀನುಗಾರಿಕೆಯನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಆ ದೀಪ, ಜನರೇಟರುಗಳಿಗೆ ಕೊಡುವ ಹಣ ನಷ್ಟದ ಬಾಬು.

ಇಷ್ಟನ್ನೂ ಕಲಾಸಿಯೊಬ್ಬ ತಾನೇ ಮಾಡಿಕೊಳ್ಳಬೇಕೆನ್ನುವುದು ನ್ಯಾಯವಲ್ಲ. ಜಮೀನು ಕೊಳ್ಳುವವನಿಗೆ ಉಪನೋಂದಣಿ ಕಚೇರಿಯಲ್ಲಿ ಋಣಭಾರ ಪ್ರಮಾಣಪತ್ರ ಸಿಗುತ್ತದೆ. ಬೋಟಿನ ಸಾಲ, ಅಪಘಾತ, ವಿಮೆಯ ಪರಿಹಾರ, ದುರಸ್ತಿ ಇವುಗಳೆಲ್ಲ ಒಂದೇ ಪತ್ರದಲ್ಲಿ ಸಿಗುವಂತೆ ಮಾಡುವುದು ನೋಂದಣಿಯೇ ಆನ್‌ಲೈನ್ ಆಗಿರುವಾಗ ಕಷ್ಟವಾಗಬಾರದು. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜಿದೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಗೆ ಬೋಟಿನ ಮರದ ಸಂರಕ್ಷಣೆಯಲ್ಲಿ ದೀರ್ಘ ಅನುಭವವಿದೆ. ದಕ್ಕೆಯ ಹಿರಿಯ ಬಡಗಿಗಳಿಗೂ ಮೆಕ್ಯಾನಿಕ್‌ಗಳಿಗೂ ಇವರ ನೆರವಿನಿಂದ ತರಬೇತಿ ಕೊಟ್ಟು, ನಿಗದಿತ ಶುಲ್ಕಕ್ಕೆ ತಪಾಸಣಾ ವರದಿ ಬರೆಯುವ ಪರವಾನಗಿ ನೀಡಬಹುದು. ಹಳೆಯ ಬೋಟಿಗೆ ಸಾಲ ಕೊಡುವ ಬ್ಯಾಂಕುಗಳೂ ಸಹಕಾರಿ ಸಂಘಗಳೂ ಆ ವರದಿಯನ್ನು ಕಡ್ಡಾಯ ಮಾಡಲಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ತಪಾಸಣೆ ನಡೆಯಬೇಕಾದದ್ದು ಆಗ, ಬಣ್ಣದ ಡಬ್ಬಿ ತೆರೆಯುವ ಮೊದಲು.